ಬೇಲಿಯಾಚೆಯ ಮೂಗು

ನೊರೀನಳ ಊರು ಶಿರ್ವ. ಮದುವೆಯಾದ ಮೇಲೆ ಗಂಡ ಕ್ಯಾಸಿಮಿರ್ ಜೊತೆ ಬಹಳ ವರ್ಷ ಮಸ್ಕತ್‌ನಲ್ಲಿದ್ದು, ಅಲ್ಲಿಂದ ಅಡಿಲೇಡಿಗೆ ಬಂದು, ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಮನೆ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ. ಕ್ಯಾಸಿಮಿರ್ ಏಸಿ ರಿಪೇರಿಯವನು. ಬೇಸಿಗೆಯಲ್ಲಿ ಅವನಿಗೆ ಕೂತು ಊಟ ಮಾಡುವಷ್ಟೂ ಪುರುಸೊತ್ತಿಲ್ಲ. ಚಳಿಗಾಲದಲ್ಲಿ ಅವನ ಮಾತು ಕೇಳಿ ಮುಗಿಸಲು ಮನೆಯವರಿಗೆ ಪುರುಸೊತ್ತಿಲ್ಲ. ಮಗ ಎಲ್ರೊಯ್ ದೂರದ ಪರ್ತ್‌ನಲ್ಲಿ, ಫ್ರೀಮ್ಯಾಂಟಲ್ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ.

ಪಕ್ಕದ ಮನೆ ಗೀತಾಳದು. ಮೈಸೂರಿನವಳು, ಶುದ್ಧ ಸಸ್ಯಾಹಾರಿ. ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಕೆಲಸ. ಅವಳ ಗಂಡ ಉದಯಶಂಕರ್ ಸಾಫ್ಟ್‌ವೇರ್ ಇಂಜಿನಿಯರ್. ಮನೆಯಲ್ಲೇ ಕೂತು ಕೆಲಸ ಮಾಡುತ್ತ, ಮೀಟಿಂಗ್ ನಡುವೆ ಎದ್ದು ಬಂದು ಡಬ್ಬಿಗಳನ್ನು ತಡಕುವ ಮನುಷ್ಯ. ಎರಡು ಮನೆಗಳ ನಡುವೆ ಆಳೆತ್ತರದ ತಗಡಿನ ಬೇಲಿ. ಅದರ ಮೇಲಿನಿಂದ ಕರಿಬೇವು, ನಿಂಬೆಹಣ್ಣು, ಹಬ್ಬದ ಕೋಡುಬಳೆ, ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿ ಎಲ್ಲವೂ ಓಡಾಡುತ್ತಿದ್ದವು. ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಸಂಕೋಚ. ಕ್ಯಾಸಿಮಿರ್ ಹಿತ್ತಲಲ್ಲಿ ಬಾರ್ಬಿ ಎಂಬ ಕೆಂಡದ ಒಲೆ ಹೊತ್ತಿಸಿ ಬೀಫ್ ಸುಡಲು ಶುರು ಮಾಡಿದನೆಂದರೆ ಗೀತಾಳ ಅಡುಗೆಮನೆಯ ಕಿಟಕಿ ಮೆಲ್ಲಗೆ, ಸದ್ದೇ ಆಗದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ನೊರೀನ್ ನೋಡಿಯೂ ನೋಡದಂತಿರುತ್ತಿದ್ದಳು. ಗಾಳಿ ಆ ಕಡೆ ಬೀಸುತ್ತಿದ್ದರೆ ಗಂಡನಿಗೆ ಹೇಳಿ ಒಲೆಯನ್ನು ಈ ಮೂಲೆಗೆ ಎಳೆಸುತ್ತಿದ್ದಳು. ಇಬ್ಬರೂ ಅದರ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಆ ವರ್ಷ ಜುಲೈನ ಚಳಿಯಲ್ಲಿ ವಾರ್ಡಿಗೆ ವಾರ್ಡೇ ಫ್ಲೂ ಬಂದು ಮಲಗಿತು. ನೊರೀನಳೂ ಮಲಗಿದಳು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಆದರೆ ಹೋದ ವಾಸನೆ ತಿರುಗಿ ಬರಲಿಲ್ಲ. ಬೆಳಗಿನ ಕಾಫಿ ಕಹಿ ಬಿಸಿನೀರಾಯಿತು. ಮೀನಿನ ಸಾರಿನಲ್ಲಿ ಹುಳಿ, ಉಪ್ಪು, ಖಾರ ನಾಲಿಗೆಗೆ ಸಿಗುತ್ತಿದ್ದವು, ಮೀನು ಸಿಗುತ್ತಿರಲಿಲ್ಲ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತ ಅವಳು ಯಾರಿಗೂ ಹೇಳಲಿಲ್ಲ. ಚರ್ಚಿನ ಊಟವಿರಲಿ, ಯಾರ ಮನೆಯ ಹುಟ್ಟುಹಬ್ಬವಿರಲಿ, "ನೊರೀನ್, ಒಮ್ಮೆ ರುಚಿ ನೋಡು" ಎಂದು ಸೌಟು ಹಿಡಿದು ಬರುವವರೇ ಎಲ್ಲರೂ. ಅಂಥವಳು ತನ್ನ ಮೂಗು ಕೆಟ್ಟಿದೆ ಎಂದು ಹೇಗೆ ಹೇಳುವುದು? ಮನೆಯಲ್ಲಂತೂ ಗುಟ್ಟು ಭದ್ರವಾಗಿತ್ತು. ಕ್ಯಾಸಿಮಿರ್‌ಗೆ ಏನು ಬಡಿಸಿದರೂ ಮದುವೆಯಾದ ದಿನದಿಂದ ಚೆನ್ನಾಗಿದೆ ಎಂಬ ಒಂದೇ ಮಾತು, "ಲಾಯ್ಕುಂಟು." ಒಂದು ದಿನ ಪಲಾವಿಗೆ ಲವಂಗ ಎರಡು ಸಲ ಬಿದ್ದಿತ್ತು. ಅವನು ಬಾಯೊಳಗಿಂದ ಲವಂಗ ಹೆಕ್ಕಿ ತಟ್ಟೆಯಂಚಿನಲ್ಲಿ ಸಾಲಾಗಿ ಇಡುತ್ತ, ಆಗಲೂ "ಲಾಯ್ಕುಂಟು" ಎಂದೇ ಹೇಳಿದ್ದ.

ಹೀಗಿರುವಾಗ ವಿಲಾಯ್ ಕೆಲಸದಿಂದ ನಿವೃತ್ತಳಾಗುವ ಸುದ್ದಿ ಬಂತು.

ವಿಲಾಯ್ ಅದೇ ವಾರ್ಡಿನ ಹಿರಿಯ ನರ್ಸ್. ಥಾಯ್ಲೆಂಡಿನ ಈಸಾನ್ ಎಂಬ ಸೀಮೆಯವಳು, ಗಂಡ ಕ್ರೇಗ್ ಇಲ್ಲಿಯವನು, ಒಂದು ಕಾಲದಲ್ಲಿ ಲಾರಿ ಓಡಿಸುತ್ತಿದ್ದವನು. ನೊರೀನ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಳಿಗೆ, ಇಲ್ಲಿಯವರ ಇಂಗ್ಲಿಷಿನ ಓಟಕ್ಕೆ ಕಂಗಾಲಾಗಿ ಊಟದ ಕೋಣೆಯಲ್ಲಿ ಒಬ್ಬಳೇ ಕೂತಿದ್ದಾಗ, ವಿಲಾಯ್ ತನ್ನ ಡಬ್ಬಿಯನ್ನು ಮಾತಿಲ್ಲದೆ ಅವಳ ಮುಂದೆ ತಳ್ಳಿದ್ದಳು. ಒಳಗೆ ಕೆಂಡದ ಮೇಲೆ ಸುಟ್ಟು ತೆಳ್ಳಗೆ ಹೆಚ್ಚಿದ ಬೀಫ್, ಒಂದು ಪುಟ್ಟ ಬಟ್ಟಲಲ್ಲಿ ಕಂದುಬಣ್ಣದ ಖಾರದ ಚಟ್ನಿ. ಹುಣಸೆ, ನಿಂಬೆ, ಬೆಲ್ಲ, ಮೆಣಸಿನ ತರಿ, ಮೀನಿನ ಸಾಸ್, ಎಲ್ಲದರ ಮೇಲೆ ಹುರಿದು ಕುಟ್ಟಿದ ಅಕ್ಕಿಯ ಪುಡಿ. ಒಂದು ತುಂಡು ಅದ್ದಿ ಬಾಯಿಗಿಟ್ಟ ನೊರೀನ್‌ಗೆ ಅಮ್ಮನ ಅಡುಗೆಮನೆಗೂ ಇದಕ್ಕೂ ದೂರದ ನೆಂಟಸ್ತಿಕೆ ಇರುವಂತೆ ಕಂಡಿತ್ತು. ಹೆಸರು ಕೇಳಿದರೆ, ಥಾಯ್ ಭಾಷೆಯಲ್ಲಿ "ಅಳುವ ಹುಲಿ" ಎಂದರ್ಥವಂತೆ. ಹುಲಿ ಯಾಕೆ ಅತ್ತಿತು ಎಂದರೆ ವಿಲಾಯ್ ಒಂದೊಂದು ಸಲ ಒಂದೊಂದು ಕಥೆ ಹೇಳುತ್ತಿದ್ದಳು. ಮಾಂಸ ಅಗಿಯಲಾರದೆ ಅತ್ತಿತು ಎಂದು ಒಮ್ಮೆ, ಚಟ್ನಿಯ ಖಾರಕ್ಕೆ ಎಂದು ಇನ್ನೊಮ್ಮೆ, ಒಳ್ಳೆಯ ತುಂಡನ್ನೆಲ್ಲ ಬೇಟೆಗಾರ ಒಯ್ದನೆಂದು ಮತ್ತೊಮ್ಮೆ.

ಈಗ ವಿಲಾಯ್ ಮತ್ತು ಕ್ರೇಗ್ ಬ್ರಿಸ್ಬೇನಿನ ರನ್‌ಕಾರ್ನ್‌ಗೆ ಹೊರಟಿದ್ದರು. ಅಲ್ಲಿ ಮಗಳಿಗೆ ಮಗುವಾಗಿತ್ತು. ಬೀಳ್ಕೊಡುಗೆಗೆ ಯಾವ ಹೋಟೆಲು ಎಂಬ ಚರ್ಚೆ ವಾರ್ಡಿನಲ್ಲಿ ನಡೆಯುತ್ತಿದ್ದಾಗ ನೊರೀನ್ ತಡೆಯಲಾರದೆ ಹೇಳಿಬಿಟ್ಟಳು, "ಹೋಟೆಲ್ ಎಲ್ಲ ಬೇಡ. ನಮ್ಮ ಮನೆಗೆ ಬನ್ನಿ. ವಿಲಾಯ್, ನೀನು ಕಲಿಸಿದ ಹುಲಿಯನ್ನು ನಾನು ನಿನಗೆ ಬಡಿಸ್ತೇನೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ವಿಲಾಯ್ ಅವಳ ಎರಡೂ ಕೈ ಹಿಡಿದುಕೊಂಡಳು. ಮೂಗಿನ ನೆನಪು ನೊರೀನ್‌ಗೆ ಬಂದದ್ದು ಮನೆಗೆ ಹೋಗುವ ದಾರಿಯಲ್ಲಿ.

ಊಟಕ್ಕೆ ಒಂದು ವಾರ ಮೊದಲು, ಶನಿವಾರ, ಒಂದು ಸಲ ಮಾಡಿ ನೋಡೋಣವೆಂದು ಅವಳು ಅಡುಗೆಮನೆಗಿಳಿದಳು. ಬಾಣಲೆಗೆ ಅಂಟು ಅಕ್ಕಿ, ಎರಡು ನಿಂಬೆ ಎಲೆ ಹಾಕಿ ಸಣ್ಣ ಉರಿಯಲ್ಲಿಟ್ಟು, ಬೆನ್ನು ತಿರುಗಿಸಿ ಹುಣಸೆ ಕಿವುಚುತ್ತ ನಿಂತಳು. ಮೊದಲಾದರೆ ಬೆನ್ನು ಯಾವ ಕಡೆಗಿದ್ದರೂ ಚಿಂತೆಯಿರಲಿಲ್ಲ. ಅಕ್ಕಿಯೇ ಘಮ್ಮೆಂದು ಕರೆದು ಹೇಳುತ್ತಿತ್ತು. ಹುಣಸೆಯ ನಾರು, ಬೀಜ ತೆಗೆಯುತ್ತ ಪರ್ತ್‌ನ ಮಗನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿ ಮಾತಿಗಿಳಿದಳು. ಅವನು ಕನ್ನಡವನ್ನಾಗಲಿ ಕೊಂಕಣಿಯನ್ನಾಗಲಿ ಪೂರ್ತಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗ.

ಹಿಂಬಾಗಿಲು ದಡಾರನೆ ತೆರೆಯಿತು. ಗೀತಾ! ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಉದಯಶಂಕರನದು.

"ನೊರೀನ್! ಏನೋ ಸೀದು ಹೋಗ್ತಿದೆ ಕಣ್ರೀ! ನಮ್ಮನೆ ತನಕ ವಾಸನೆ!"

"ಎಲ್ಲಿ?" ಎಂದಳು ನೊರೀನ್, ಸುತ್ತ ನೋಡುತ್ತ.

ಗೀತಾ ಬೆರಳು ತೋರಿಸಿದಳು. ನೊರೀನಳಿಂದ ಒಂದು ಮೊಳ ದೂರದಲ್ಲಿ ಬಾಣಲೆ ದಟ್ಟವಾಗಿ ಹೊಗೆ ಉಗುಳುತ್ತಿತ್ತು. ಅಕ್ಕಿ ಇದ್ದಿಲಾಗಿತ್ತು. ಗೀತಾ ಓಡಿ ಸ್ಟೌ ಆರಿಸಿ, ಬಾಣಲೆಯನ್ನು ಸಿಂಕಿನಲ್ಲಿಟ್ಟು ನೀರು ಬಿಟ್ಟಳು. ಫೋನಿನೊಳಗಿಂದ ಎಲ್ರೊಯ್ ಇಂಗ್ಲಿಷಿನಲ್ಲಿ ಏನಾಯಿತು, ಏನಾಯಿತು ಎಂದು ಕೂಗುತ್ತಿದ್ದ. ನೊರೀನ್ ಏನೂ ಇಲ್ಲವೆಂದು ಹೇಳಿ ಕಟ್ ಮಾಡಿದಳು.

ಗೀತಾ ಅವಳನ್ನೇ ನೋಡುತ್ತ ನಿಂತಳು. "ಪಕ್ಕದಲ್ಲೇ ಇದ್ರಲ್ರೀ. ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

ನೊರೀನ್ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು. "ಗೊತ್ತಾಗುದಿಲ್ಲ ಗೀತಾ. ಫ್ಲೂ ಬಂದಾಗಿಂದ ನನ್ನ ಮೂಗು ಸತ್ತು ಹೋಗಿದೆ. ಮಲ್ಲಿಗೆ ಹಿಡಿದ್ರೂ ಒಂದೇ, ಫಿನಾಯಿಲ್ ಹಿಡಿದ್ರೂ ಒಂದೇ. ಯಾರಿಗೂ ಹೇಳ್ಲಿಲ್ಲ."

"ಕ್ಯಾಸಿಮಿರ್‌ಗೆ?"

"ಅವರಿಗೆ ಹೇಳಿದ್ರೆ ಅದಕ್ಕೂ ಲಾಯ್ಕುಂಟು ಅಂತಾರೆ."

ಗೀತಾಗೆ ನಗು ಬಂತು, ತಡೆದುಕೊಂಡಳು. ನೊರೀನಳೇ ಮೊದಲು ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆಮೇಲೆ ಬರೀ ನೀರೇ ಉಳಿಯಿತು. ಬರುವ ಶನಿವಾರದ ಊಟದ ಮಾತನ್ನೂ ವಿಲಾಯ್‌ಗೆ ಕೊಟ್ಟ ಮಾತನ್ನೂ ಹೇಳಿದಳು. "ಬೇರೆ ಎಂತಾದ್ರೂ ಮಾಡಬಹುದು. ಬಿರಿಯಾನಿ ಹೋಟೆಲಿಂದ ತರಿಸಬಹುದು. ಆದ್ರೆ ಅವಳಿಗೆ ಇದನ್ನೇ ಮಾಡಿ ಹಾಕ್ಬೇಕಂತ ನನಗೆ ಆಸೆ ಮಾರಾಯ್ರೆ. ಅವಳು ಹೋದ್ರೆ ಮತ್ತೆ ಯಾವಾಗ ಸಿಗುದು?"

ಗೀತಾ ಸಿಂಕಿನಲ್ಲಿದ್ದ ಕರಕಲನ್ನು ನೋಡಿದಳು. ಕಪಾಟಿನಲ್ಲಿದ್ದ ಅಕ್ಕಿಯ ಚೀಲವನ್ನು ನೋಡಿದಳು. "ಅಕ್ಕಿ ಹುರಿಯೋದು ತಾನೆ?" ಎಂದಳು. "ಬಿಸಿಬೇಳೆಬಾತಿನ ಪುಡಿ, ಸಾರಿನ ಪುಡಿ, ಚಟ್ನಿಪುಡಿ ಎಲ್ಲ ಹುರಿದು ಹುರಿದು ಸಾಕಾಗಿದೆ ನನಗೆ. ಕಣ್ಣು ಕಟ್ಟಿ ನಿಲ್ಲಿಸಿದ್ರೂ ಹುರೀತೀನಿ. ಇನ್ನೊಂದು ಬಾಣಲೆ ಕೊಡಿ."

ಹಾಗೆ ಶುರುವಾಯಿತು. ಗೀತಾ ಒಲೆಯ ಮುಂದೆ ನಿಂತು ಕೈ ಬಿಡದೆ ಅಕ್ಕಿ ಆಡಿಸಿದಳು. ಅದು ಬಿಳಿಯಿಂದ ಹಳದಿಗೆ, ಹಳದಿಯಿಂದ ಬೆಲ್ಲದ ಬಣ್ಣಕ್ಕೆ ತಿರುಗುವಾಗ ಮೂಗು ಮುಂದೆ ಮಾಡಿ, "ಈಗ ಹಸಿ ಹೋಯ್ತು... ಈಗ ಪಾಪ್‌ಕಾರ್ನ್ ಥರ... ಇರಿ, ಇರಿ, ಇನ್ನೊಂಚೂರು... ಈಗ!" ಎಂದು ಕೂಗಿ ತಟ್ಟೆಗೆ ಸುರಿದಳು. ನೊರೀನ್ ಒರಳಿನಲ್ಲಿ ಕುಟ್ಟಿದಳು. ಪೂರ್ತಿ ಪುಡಿಯಾಗಬಾರದು, ಹಲ್ಲಿಗೆ ರವೆಯಂತೆ ಸಿಗಬೇಕು. ಒಣಮೆಣಸು ಬಿಸಿ ಮಾಡುವಾಗ ಗೀತಾ ತನ್ನ ಮನೆಯಿಂದ ಬ್ಯಾಡಗಿ ತಂದು ಅರ್ಧಕ್ಕರ್ಧ ಸೇರಿಸಿದಳು. "ನಿಮ್ಮ ಥಾಯ್ ಮೆಣಸಿಗೆ ಬರೀ ಸಿಟ್ಟು ಕಣ್ರೀ. ಇದು ಸೇರಿದ್ರೆ ಒಂದು ಲಕ್ಷಣ ಬರುತ್ತೆ."

ಹುಣಸೆರಸ, ಬೆಲ್ಲ, ನಿಂಬೆ, ಮೆಣಸು, ಅಕ್ಕಿಪುಡಿ, ಹೆಚ್ಚಿದ ಸಣ್ಣ ಈರುಳ್ಳಿ ಎಲ್ಲ ಸೇರಿದ ಮೇಲೆ ಗೀತಾ ಬೆರಳಂಚಿಗೆ ತಗುಲಿಸಿಕೊಂಡು ನೆಕ್ಕಿ ಕಣ್ಣರಳಿಸಿದಳು.

"ಇದು ಗೊಜ್ಜು ಕಣ್ರೀ! ನಿಮ್ಮ ಹುಲಿ ಮೈಸೂರಿಗೆ ಬಂದಿತ್ತೋ ಏನೋ."

ಆದರೆ ಅದರಲ್ಲಿ ಮೀನಿನ ಸಾಸ್ ಇನ್ನೂ ಬಿದ್ದಿರಲಿಲ್ಲ. ಅದಿಲ್ಲದೆ ಅದು ವಿಲಾಯ್‌ಳ ಚಟ್ನಿಯಾಗುವುದಿಲ್ಲ. ನೊರೀನ್ ಸ್ವಲ್ಪವನ್ನು ಬೇರೆ ಬಟ್ಟಲಿಗೆ ತೆಗೆದು ಉಪ್ಪು ಹಾಕಿ ಗೀತಾಗೆಂದು ಇಟ್ಟಳು. ಆಮೇಲೆ ಸೀಸೆಯ ಮುಚ್ಚಳ ತೆರೆದಳು. ಎಷ್ಟು ಹಾಕಬೇಕೆಂದು ಅವಳ ನಾಲಿಗೆ ಉಪ್ಪಿನಿಂದ ಹೇಳಬಲ್ಲದು, ಸಾಸ್ ಹಳತಾಗಿ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಹೇಳಲಾರದು.

"ಗೀತಾ, ತಿನ್ನುದು ಬೇಡ. ಒಮ್ಮೆ ಮೂಸಿ ನೋಡ್ತೀರಾ? ಕೆಟ್ಟಿದೆಯಾ ಅಂತ."

ಗೀತಾ ಧೈರ್ಯ ಮಾಡಿ ಸೀಸೆಯನ್ನು ಮೂಗಿಗೆ ಹಿಡಿದಳು. ಮರುಕ್ಷಣ ಅದನ್ನು ಮೇಜಿನ ಮೇಲಿಟ್ಟು, ಹಿತ್ತಲಿಗೆ ಓಡಿ, ನಿಂಬೆಗಿಡದಿಂದ ಎಲೆ ಕಿತ್ತು ಹಿಸುಕಿ ಮೂಗಿಗೆ ಒತ್ತಿಕೊಂಡು ನಿಂತುಬಿಟ್ಟಳು. ನೊರೀನ್ ಗಾಬರಿಯಿಂದ ಹಿಂದೆಯೇ ಹೋದಳು.

"ಕೆಟ್ಟಿದೆಯಾ?"

"ನನಗೆ ಹೇಗ್ರೀ ಗೊತ್ತಾಗ್ಬೇಕು? ಅದು ಹುಟ್ಟಿದಾಗ್ಲೇ ಕೆಟ್ಟಿರೋ ಹಾಗಿದೆ!"

ಆ ಮಧ್ಯಾಹ್ನ ಅವರಿಬ್ಬರು ನಕ್ಕ ಸದ್ದಿಗೆ ಉದಯಶಂಕರ್ ಶನಿವಾರವೂ ಬಿಡದ ಮೀಟಿಂಗನ್ನು ಮ್ಯೂಟ್ ಮಾಡಿ ಬೇಲಿಯ ಹತ್ತಿರ ಬಂದು, "ಏನ್ರೀ ಅದು?" ಎಂದು ಕೇಳಿದ. ಇಬ್ಬರೂ ಇನ್ನಷ್ಟು ನಕ್ಕರು. ಕೊನೆಗೆ ನೊರೀನ್ ಹೊಸ ಸೀಸೆಯನ್ನೇ ತರುವುದೆಂದು ತೀರ್ಮಾನವಾಯಿತು. ಡಾಕ್ಟರಿಗೆ ತೋರಿಸುವುದೆಂದೂ ಗೀತಾ ಅವಳಿಂದ ಮಾತು ತೆಗೆದುಕೊಂಡಳು. "ನರ್ಸ್ ಆಗಿ ಹೀಗೆ ಬಚ್ಚಿಟ್ಕೊಂಡ್ರೆ ಬೇರೆಯವರಿಗೆ ಏನ್ ಹೇಳ್ತೀರಿ?" ಎಂದು ಗದರಿದಳು ಕೂಡ. ಎರಡು ದಿನ ಬಿಟ್ಟು ಡಾಕ್ಟರ್ ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ತಿಂಗಳುಗಟ್ಟಲೆ ಹಿಡಿಯಬಹುದು, ಹೆಚ್ಚಿನವರಿಗೆ ವಾಸನೆ ತಿರುಗಿ ಬರುತ್ತದೆ, ದಿನಾ ನಿಂಬೆ, ಲವಂಗ, ನೀಲಗಿರಿ ಎಣ್ಣೆ ಮೂಸುತ್ತಿರಿ ಎಂದರು.

ಆ ಶನಿವಾರ ಮನೆಗೆ ಹೊರಡುವ ಮುಂಚೆ ಗೀತಾ ಬಾಗಿಲಲ್ಲಿ ನಿಂತು, ಹೇಳಲೋ ಬೇಡವೋ ಎಂಬಂತೆ ಹೇಳಿದಳು, "ನೊರೀನ್, ಆ... ಸುಡೋ ಹೊತ್ತಿಗೆ ಮಾತ್ರ ನಾನು ಬರಲ್ಲ. ಬೇಜಾರು ಮಾಡ್ಕೋಬೇಡಿ."

"ಅಯ್ಯೋ, ನಾನು ಕೇಳುವುದೂ ಇಲ್ಲ" ಎಂದಳು ನೊರೀನ್. "ಕಿಟಕಿ ಮುಚ್ಚಿಕೊಳ್ಳಿ. ನನಗೇನೂ ಬೇಜಾರಿಲ್ಲ. ಯಾವತ್ತೂ ಇರಲಿಲ್ಲ."

ಇಷ್ಟು ವರ್ಷಕ್ಕೆ ಮೊದಲ ಬಾರಿಗೆ ಆ ಕಿಟಕಿಯ ಮಾತು ಇಬ್ಬರ ನಡುವೆ ಬಂದಿತ್ತು. ಗೀತಾ ಸ್ವಲ್ಪ ಕೆಂಪಾದಳು, ತಲೆಯಾಡಿಸಿ ಮನೆಗೆ ಹೋದಳು.

ಶನಿವಾರ ಬಿಸಿಲು ಹದವಾಗಿತ್ತು. ವಾರ್ಡಿನವರು ಒಬ್ಬೊಬ್ಬರಾಗಿ ಬಂದು ಹಿತ್ತಲಿನ ಕುರ್ಚಿಗಳಲ್ಲಿ ಕೂತರು. ವಿಲಾಯ್ ಹಳದಿ ರೇಷ್ಮೆಯ ಅಂಗಿ ಹಾಕಿಕೊಂಡು, ಬಿದಿರಿನ ಬುಟ್ಟಿಯಲ್ಲಿ ತಾನೇ ಬೇಯಿಸಿದ ಅಂಟು ಅನ್ನ ಹಿಡಿದು ಬಂದಳು. ಕ್ರೇಗ್ ಬಿಯರ್ ತುಂಬಿದ ಐಸ್ ಪೆಟ್ಟಿಗೆ ಹೊತ್ತು ಬಂದ. ನೊರೀನ್ ಬೀಫಿನ ದಪ್ಪ ಪಟ್ಟಿಗಳಿಗೆ ಕೊತ್ತಂಬರಿ ಬೇರು, ಕರಿಮೆಣಸು, ಸೋಯಾ, ಸಕ್ಕರೆ ಹಚ್ಚಿ ಬೆಳಿಗ್ಗೆಯಿಂದಲೇ ನೆನೆಯಿಟ್ಟಿದ್ದಳು. ಗೀತಾ ಹುರಿದ ಅಕ್ಕಿಯ ಪುಡಿ ಹಾಕಿ ಚಟ್ನಿ ಹೊಸದಾಗಿ ಮಾಡಿದ್ದಳು, ಮೀನಿನ ಸಾಸ್ ಇಲ್ಲದ್ದನ್ನು ಗೀತಾಗೆಂದು ಬೇರೆ ಬಟ್ಟಲಲ್ಲಿಟ್ಟಿದ್ದಳು. ಗೀತಾಗೆಂದು ಒಂದು ಹೊಸ ಪುಟ್ಟ ಗ್ರಿಲ್ಲನ್ನೇ ತಂದು ಬೇರೆ ಮೂಲೆಯಲ್ಲಿಟ್ಟು, ಅದರಲ್ಲಿ ಅಣಬೆ ಮತ್ತು ಪನೀರ್ ಬಿಟ್ಟು ಬೇರೇನೂ ಸುಡುವಂತಿಲ್ಲ ಎಂದು ಗಂಡನಿಗೆ ಕಟ್ಟಪ್ಪಣೆ ಮಾಡಿದ್ದಳು. ಸುಡುವುದೆಲ್ಲ ಮುಗಿದ ಮೇಲೆ ಗೀತಾ, ಉದಯಶಂಕರ್ ಬರುವುದೆಂದು ಮಾತಾಗಿತ್ತು.

ಕ್ಯಾಸಿಮಿರ್ ಕೆಂಡ ಹದ ಮಾಡಿ ಮಾಂಸವನ್ನು ಜಾಲರಿಯ ಮೇಲಿಟ್ಟ. ಮೊದಲೆಲ್ಲ ಅವನದು ಕೈ, ನೊರೀನಳದು ಮೂಗು. ಅವಳು ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಲೇ "ತಿರುಗಿಸಿ", "ಪಕ್ಕಕ್ಕೆ ಸರಿಸಿ" ಎಂದು ಕೂಗುತ್ತಿದ್ದಳು. ಸಕ್ಕರೆ ಹಚ್ಚಿದ ಮಾಂಸ ನೋಡನೋಡುತ್ತ ಕರಿಯಾಗುತ್ತದೆ. ಈಗ ಅವಳು ಅವನ ಪಕ್ಕದಲ್ಲೇ ನಿಂತು ಕಣ್ಣಿಟ್ಟು ಕಾದಳು. ಅಷ್ಟರಲ್ಲಿ ಯಾರೋ ತಟ್ಟೆ ಎಲ್ಲಿದೆ ಎಂದು ಕೇಳಿದರು, ಅವಳು ಒಳಗೆ ಹೋದಳು. ಕ್ಯಾಸಿಮಿರ್ ಕ್ರೇಗ್‌ಗೆ ಮಸ್ಕತ್‌ನಲ್ಲಿ ಒಬ್ಬ ಶೇಖ್ ತನ್ನ ಒಂಟೆಯ ಕೊಟ್ಟಿಗೆಗೆ ಏಸಿ ಹಾಕಿಸಿದ ಕಥೆ ಹೇಳತೊಡಗಿದ. ಅದು ಉದ್ದದ ಕಥೆ.

ಬೇಲಿಯಾಚೆಯಿಂದ ಒಂದು ಕೂಗು ಬಂತು.

"ಕ್ಯಾಸಿಮಿರ್! ತಿರುಗಿಸ್ರೀ! ಸೀದು ಹೋಗ್ತಿದೆ!"

ಕ್ಯಾಸಿಮಿರ್ ಬೆಚ್ಚಿ ಇಕ್ಕಳ ಹಿಡಿದ. ಪಟ್ಟಿಯ ಅಡಿಭಾಗ ಕಪ್ಪಿಗೆ ಕೂದಲೆಳೆಯಷ್ಟು ಹಿಂದೆ, ಗಾಢ ಕಂದುಬಣ್ಣದಲ್ಲಿತ್ತು. ಎಲ್ಲರೂ ಬೇಲಿಯ ಕಡೆ ತಿರುಗಿದರು. ಬೇಲಿಯ ಮೇಲೆ ಗೀತಾಳ ಮುಖ, ಮೂಗಿನವರೆಗೆ ಮಾತ್ರ, ನಿಧಾನವಾಗಿ ಏರಿ ಬಂತು. ಅವಳು ಗಿಡದ ಕುಂಡವನ್ನು ಬೋರಲು ಹಾಕಿ ಹತ್ತಿದ್ದಳು.

ನೊರೀನ್ ಹೊರಗೆ ಓಡಿ ಬಂದಳು. "ಗೀತಾ! ನೀವು ಕಿಟಕಿ ಮುಚ್ಚಿರ್ಲಿಲ್ವಾ?"

"ಮುಚ್ಚಿದ್ದೆ. ಹಳೇ ಮನೆ ಕಣ್ರೀ, ಕಿಟಕಿ ಮುಚ್ಚಿದ್ರೆ ವಾಸನೆ ನಿಲ್ಲುತ್ತಾ? ಇಷ್ಟು ವರ್ಷ ನಿಮ್ಮ ಬಾರ್ಬಿ ವಾಸನೆ ಕುಡಿದಿದೀನಿ. ಯಾವಾಗ ನೆಟ್ಟಗಿರುತ್ತೆ, ಯಾವಾಗ ಹಾಳಾಗುತ್ತೆ ಅಂತ ನನಗೆ ಗೊತ್ತಾಗಲ್ವಾ?" ಎಂದವಳು ಗಾಳಿಯನ್ನೊಮ್ಮೆ ಮೂಸಿ, "ಆ ಕೊನೇಲಿರೋದು. ಅದರ ಕೊಬ್ಬು ಬೆಂಕಿಗೆ ಬೀಳ್ತಿದೆ. ಪಕ್ಕಕ್ಕೆ ಸರಿಸಿ" ಎಂದಳು.

ಕ್ಯಾಸಿಮಿರ್ ಸರಿಸಿದ.

"ನಿಮಗೆ ಕಷ್ಟ ಆಗುದಿಲ್ವಾ?" ಎಂದಳು ನೊರೀನ್ ಮೆತ್ತಗೆ.

"ಆಗುತ್ತೆ. ಬೇಗ ಮುಗಿಸಿ" ಎಂದಳು ಗೀತಾ, ತುದಿಗಾಲಲ್ಲಿ ಇನ್ನೊಂಚೂರು ಏರಿ, ಸೆರಗಿನಂತೆ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡು. ಮೂಗನ್ನು ಮಾತ್ರ ಹೊರಗಿಟ್ಟಿದ್ದಳು.

ಆಮೇಲೆ ನಡೆದದ್ದನ್ನು ವಾರ್ಡಿನವರು ಬಹಳ ದಿನ ಹೇಳಿಕೊಂಡು ನಕ್ಕರು. ಬೇಲಿಯ ಮೇಲಿನಿಂದ ಕನ್ನಡದಲ್ಲಿ ಅಪ್ಪಣೆಗಳು ಬರುತ್ತಿದ್ದವು, ಈಚೆ ಕ್ಯಾಸಿಮಿರ್ ತಿರುಗಿಸುತ್ತಿದ್ದ, ಸರಿಸುತ್ತಿದ್ದ. ಒಂದು ಅಕ್ಷರ ಅರ್ಥವಾಗದ ಕ್ರೇಗ್ ಕೂಡ ಇನ್ನೊಂದು ಇಕ್ಕಳ ಹಿಡಿದು ಗೀತಾಳ ಬೆರಳು ತೋರಿಸಿದ ಕಡೆಗೆಲ್ಲ ಓಡುತ್ತಿದ್ದ. ಕುಂಡ ಅಲುಗಾಡದಂತೆ ಉದಯಶಂಕರ್ ಆಚೆ ಕೆಳಗೆ ಕೂತು ಹಿಡಿದುಕೊಂಡಿದ್ದನಂತೆ, ಅವನು ಯಾರಿಗೂ ಕಾಣಿಸುತ್ತಿರಲಿಲ್ಲ, "ಸಾಕಾಯ್ತಾ? ಇನ್ನೂ ಎಷ್ಟು ಹೊತ್ತು?" ಎಂಬ ದನಿ ಮಾತ್ರ ನಡುನಡುವೆ ಕೇಳುತ್ತಿತ್ತು. ಕೊನೆಗೆ ಗೀತಾ ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆದು, "ತೆಗೀರಿ. ಕ್ರಿಸ್‌ಮಸ್ ದಿನ ನಿಮ್ಮನೆ ವಾಸನೆ ಹೀಗೇ ಇರುತ್ತೆ" ಎಂದಳು, ಕೆಳಗಿಳಿದು ಮಾಯವಾದಳು.

ಮಾಂಸ ಸ್ವಲ್ಪ ಹೊತ್ತು ಆರಿದ ಮೇಲೆ ನೊರೀನ್ ಎಳೆಗೆ ಅಡ್ಡವಾಗಿ ತೆಳ್ಳಗೆ ಹೆಚ್ಚಿದಳು. ಹೊರಗೆ ಕಂದು, ಒಳಗೆ ಗುಲಾಬಿ. ಕೋಸಿನೆಲೆ, ಸೌತೆಕಾಯಿ, ಪುದೀನದ ಪಕ್ಕದಲ್ಲಿ ಜೋಡಿಸಿ, ಚಟ್ನಿಯ ಬಟ್ಟಲಿಟ್ಟು ವಿಲಾಯ್ ಮುಂದೆ ಹಿಡಿದಳು. ವಿಲಾಯ್ ಅಂಟು ಅನ್ನವನ್ನು ಬೆರಳಲ್ಲಿ ಉಂಡೆ ಮಾಡಿ, ಒಂದು ತುಂಡನ್ನು ಅದ್ದಿ, ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಇನ್ನೊಂದು ತುಂಡನ್ನು ಅದ್ದಿದಳು.

"ಈ ಅಕ್ಕಿಯನ್ನು ಯಾರು ಹುರಿದದ್ದು?" ಎಂದು ಕೇಳಿದಳು ಇಂಗ್ಲಿಷಿನಲ್ಲಿ.

ನೊರೀನ್ ತಟ್ಟೆಯನ್ನು ಕೆಳಗಿಟ್ಟಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿ ಎಲ್ಲವನ್ನೂ ಹೇಳಿಬಿಟ್ಟಳು. ಫ್ಲೂ, ಮೂಗು, ಇದ್ದಿಲಾದ ಅಕ್ಕಿ, ಪಕ್ಕದ ಮನೆಯ ಗೀತಾ. "ನನಗೆ ಗೊತ್ತಾಗುವುದಿಲ್ಲ ವಿಲಾಯ್. ಸರಿಯಾಗದಿದ್ದರೆ ಹೇಳು, ಬೇಸರವಿಲ್ಲ."

ವಿಲಾಯ್ ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರುಮಾಡಿದಳು. "ನನ್ನ ಊರು ಬಿಟ್ಟ ಮೇಲೆ ಇಷ್ಟು ಚೆನ್ನಾಗಿ ಹುರಿದ ಅಕ್ಕಿ ತಿಂದಿಲ್ಲ. ನಾನು ಇಷ್ಟು ದಿನ ಪ್ಯಾಕೆಟ್ಟಿನ ಪುಡಿ ಹಾಕುತ್ತಿದ್ದೆ!"

"ಪ್ಯಾಕೆಟ್?" ನೊರೀನ್ ಬಾಯಿ ತೆರೆದಳು. "ನನಗೆ ಮಾತ್ರ ಮನೆಯಲ್ಲೇ ಹುರಿದು ಕುಟ್ಟಬೇಕು ಅಂತ ಹೇಳಿದ್ದೆಯಲ್ಲ?"

"ನೀನು ಹೊಸಬಳು. ಸರಿಯಾದದ್ದನ್ನೇ ಕಲಿಸಬೇಕಲ್ಲ?"

ಹಿತ್ತಲು ಘೊಳ್ಳೆಂದಿತು. ಆಮೇಲೆ ವಿಲಾಯ್ ನಗು ನಿಲ್ಲಿಸಿ ನೊರೀನಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಒಂದು ತುಂಡನ್ನು ಅದ್ದಿ ತಾನೇ ಅವಳ ಬಾಯಿಗಿಟ್ಟು, "ಅಗಿ. ನಾನು ಹೇಳುತ್ತೇನೆ" ಎಂದಳು. ಮೊದಲು ಕೆಂಡದ ಹೊಗೆ ಬರುತ್ತದೆ, ಸುಟ್ಟ ಸಕ್ಕರೆಯ ಜೊತೆ, ಎಂದಳು. ಈಗ ನಿಂಬೆ ಎಲೆ. ಈಗ ಹುಣಸೆ, ಸ್ವಲ್ಪ ಹಣ್ಣಾದ ವಾಸನೆ. ಕೊನೆಯಲ್ಲಿ, ಎಲ್ಲ ನುಂಗಿದ ಮೇಲೆ, ಅಕ್ಕಿ. ಗದ್ದೆ ಕೊಯ್ದು ಹುಲ್ಲಿಗೆ ಬೆಂಕಿ ಹಾಕಿದ ಸಂಜೆಯ ಹಾಗೆ. ನೊರೀನ್ ಕಣ್ಣು ಮುಚ್ಚಿ ಅಗಿಯುತ್ತ ಕೇಳಿದಳು. ನಾಲಿಗೆಯ ಮೇಲೆ ಹುಳಿ, ಸಿಹಿ, ಉಪ್ಪು, ಖಾರ ಒಂದರ ಹಿಂದೊಂದು ಬಂದವು. ಉಳಿದದ್ದು ಕಿವಿಯಿಂದ ಬಂತು.

ಇಕ್ಕಳ ಹಿಡಿದೇ ನಿಂತಿದ್ದ ಕ್ಯಾಸಿಮಿರ್ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವನ ಮುಖ ಬಾಡಿತ್ತು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ, "ಜುಲೈಯಿಂದ ಹೀಗೆ ಉಂಟಾ? ನನಗೆ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಎಂತ ಮಾಡ್ತಿದ್ರಿ?"

ಅವನು ಯೋಚಿಸಿದ. ಒಂದು ತುಂಡನ್ನು ಚಟ್ನಿಗೆ ಅದ್ದಿ ಬಾಯಿಗಿಟ್ಟ. ಅಭ್ಯಾಸಬಲದಿಂದ ತುಟಿ ಆ ಮಾತಿಗೆ ತೆರೆದುಕೊಂಡಿತು, ನಿಂತಿತು. ಅವನು ಎಲ್ಲರೆದುರು, ಪರೀಕ್ಷೆಗೆ ಕೂತವನಂತೆ ಹುಬ್ಬು ಗಂಟಿಕ್ಕಿ ಅಗಿದ.

"ಇದು... ಬೆಳಿಗ್ಗೆ ಬೇಕರಿ ಹಿಂದಿನ ಬಾಗಿಲಲ್ಲಿ ನಿಂತ ಹಾಗೆ ಉಂಟು" ಎಂದ. "ಬ್ರೆಡ್ಡಿನ ಮೇಲಿನ ಸಿಪ್ಪೆ ಇರ್ತದಲ್ಲ, ಅದು. ಮತ್ತೆ... ನಿನ್ನ ಅಮ್ಮ ಹುರಿದ ಮೆಣಸು ಒಲೆಗೆ ಬಿದ್ದಾಗ ಹೊರಗೆ ಓಡ್ತಿದ್ದೆವಲ್ಲ, ಅದರ ಸ್ವಲ್ಪ. ಸಾಕಾ? ಇನ್ನೂ ಹೇಳ್ಬೇಕಾ?"

"ಇನ್ನೂ ಹೇಳಿ" ಎಂದಳು ನೊರೀನ್. ಅವಳ ಕಣ್ಣು ಒದ್ದೆಯಾಗಿತ್ತು. ಪಕ್ಕದಲ್ಲಿ ಕ್ರೇಗ್‌ನ ಕಣ್ಣೂ ಒದ್ದೆಯಾಗಿತ್ತು, ಅದು ಚಟ್ನಿಯನ್ನು ಚಮಚದಲ್ಲಿ ಸುರಿದುಕೊಂಡದ್ದಕ್ಕೆ.

ಗೀತಾ, ಉದಯಶಂಕರ್ ಬಂದಾಗ ಚಪ್ಪಾಳೆಯೇ ಬಿತ್ತು. ಗೀತಾ ಸ್ನಾನ ಮಾಡಿ ಸೀರೆ ಉಟ್ಟು ಬಂದಿದ್ದಳು. ಗಾಳಿ ಬರುವ ಕಡೆಯ ಕುರ್ಚಿಯನ್ನೇ ಆರಿಸಿ ಕೂತು, ಪುಟ್ಟ ಗ್ರಿಲ್ಲಿನ ಅಣಬೆಯನ್ನು ತನ್ನ ಬಟ್ಟಲಿನ ಚಟ್ನಿಗೆ ಅದ್ದಿ ತಿಂದು, "ಪರವಾಗಿಲ್ಲ, ನಾನು ಚೆನ್ನಾಗೇ ಹುರಿದಿದೀನಿ" ಎಂದು ತನಗೆ ತಾನೇ ಮಾರ್ಕ್ಸ್ ಕೊಟ್ಟುಕೊಂಡಳು. ವಿಲಾಯ್ ಅವಳ ಮುಂದೆ ಎರಡೂ ಕೈ ಜೋಡಿಸಿ, ಬ್ರಿಸ್ಬೇನಿಗೆ ಒಯ್ಯಲು ಒಂದು ಡಬ್ಬಿ ಅಕ್ಕಿಪುಡಿ ಬೇಕೆಂದು ಕೇಳಿದಳು. ಉದಯಶಂಕರ್ ಪನೀರನ್ನೆಲ್ಲ ಮುಗಿಸಿ, ಕುಂಡ ಹಿಡಿದವನಿಗೂ ಒಂದು ಮಾತು ಬರಬೇಕಿತ್ತೆಂದು ಗೊಣಗಿದ. ಆಮೇಲೆ ಕ್ಯಾಸಿಮಿರ್ ಒಂಟೆಯ ಕಥೆಯನ್ನು ಮೊದಲಿನಿಂದ ಶುರು ಮಾಡಿದ.

ವಿಲಾಯ್, ಕ್ರೇಗ್ ಮುಂದಿನ ವಾರ ಕಾರಿಗೆ ಟ್ರೇಲರ್ ಕಟ್ಟಿಕೊಂಡು ರನ್‌ಕಾರ್ನ್‌ಗೆ ಹೊರಟುಹೋದರು. ವಾರ್ಡಿನಲ್ಲಿ ನೊರೀನ್‌ಗೆ ಕೆಲವು ದಿನ ಬಹಳ ಖಾಲಿ ಅನ್ನಿಸಿತು. ಗೀತಾ ಲೈಬ್ರರಿಯಿಂದ ಬರುತ್ತ ಅವಳ ಅಡುಗೆಮನೆಗೆ ಹಣಕುವುದು ರೂಢಿಯಾಯಿತು. ಬಂದು ಮೂಸಿ, ಸರಿ ಎಂದೋ ಇಲ್ಲವೆಂದೋ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದಳು.

ನವೆಂಬರಿನ ಒಂದು ಶನಿವಾರ ಇಬ್ಬರೂ ಮೆಣಸಿನ ಸಸಿ ಕೊಳ್ಳಲು ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೋದರು. ಕಾರು ನಿಲ್ಲಿಸಿ ಇಳಿದು ನಡೆಯುತ್ತಿದ್ದ ನೊರೀನ್ ಇದ್ದಕ್ಕಿದ್ದಂತೆ ನಿಂತಳು.

"ಗೀತಾ, ಇಲ್ಲಿ ಯಾರಾದ್ರೂ ಈರುಳ್ಳಿ ಹುರೀತಾ ಇದ್ದಾರಾ?"

ಸುತ್ತ ಕಾರುಗಳ ಹೊರತು ಏನೂ ಕಾಣುತ್ತಿರಲಿಲ್ಲ. ಗೀತಾ ಮೂಸಿದಳು. ಅಂಗಡಿಯ ಗೋಡೆಯ ಆ ಮಗ್ಗುಲಲ್ಲಿ ಯಾವುದೋ ಕ್ರಿಕೆಟ್ ಕ್ಲಬ್ಬಿನವರು ಡೇರೆ ಹಾಕಿ, ಬ್ರೆಡ್ಡಿನಲ್ಲಿ ಸಾಸೇಜು, ಹುರಿದ ಈರುಳ್ಳಿ ಇಟ್ಟು ಮಾರುವ ಜಾಗ. ಗೀತಾ ತಿರುಗಿ ನೊರೀನಳ ತೋಳನ್ನು ಗಟ್ಟಿಯಾಗಿ ಹಿಡಿದಳು. "ಹೌದ್ರೀ. ಹುರೀತಿದಾರೆ!"

"ಹೋಯ್ತು" ಎಂದಳು ನೊರೀನ್ ಅಷ್ಟರಲ್ಲೇ. ಇಬ್ಬರೂ ಮೂಗೆತ್ತಿ ಗಾಳಿಗೆ ಮುಖ ಮಾಡಿದರು. "ಇಲ್ಲ, ಬಂತು. ಬಂತು ಮಾರಾಯ್ರೆ!"

ಅವಳು ಬಹುತೇಕ ಓಡಿಯೇ ಗೋಡೆ ಬಳಸಿ ಸಾಲಿನಲ್ಲಿ ನಿಂತಳು. ಹಿಂದೆ ಗೀತಾ ಟ್ರಾಲಿ ತಳ್ಳುತ್ತ ಬಂದಳು. ಬಿಳಿ ಟೋಪಿಯ ಅಜ್ಜ ಸಾಸೇಜು ಎತ್ತಲು ಇಕ್ಕಳ ಹಿಡಿದಾಗ ನೊರೀನ್ ಬೇಡವೆಂದು ಕೈ ಆಡಿಸಿ, ಬ್ರೆಡ್ಡಿನ ಮೇಲೆ ಬರೀ ಈರುಳ್ಳಿ ಹಾಕಿಸಿಕೊಂಡಳು. ಸಾಲದೆಂದು ಇನ್ನೂ ಹಾಕಿಸಿಕೊಂಡಳು. ಅವನು ವಿಚಿತ್ರವಾಗಿ ನೋಡಿದ. ಅವಳು ಅದನ್ನು ತಿನ್ನದೆ ಮೂಗಿನ ಕೆಳಗೆ ಹಿಡಿದು, ಸಾಲಿನ ಪಕ್ಕದಲ್ಲೇ, ಬಿಸಿಲಿನಲ್ಲಿ ನಿಂತಳು.